ಸೆಕ್ಷನ್ 101ರಡಿ ತಿರಸ್ಕಾರ: ತಾಂತ್ರಿಕ ಸುಧಾರಣೆಯ ವಾದ ಏಕೆ ನಿಲ್ಲಲಿಲ್ಲ?

ಪ್ರಶ್ನೆ: ಪಂಪ್‌ಸೆಟ್ ಮೋಟಾರಿನ ಕಂಪನವನ್ನು ಅಳೆದು, ಬೇರಿಂಗ್ ಕೆಡುವ ಮೊದಲೇ ಎಚ್ಚರಿಸುವ ಸಾಧನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ್ದೇನೆ. ಪೇಟೆಂಟ್ ಕಚೇರಿಯ ಪರೀಕ್ಷಕರ ಮೊದಲ ಲಿಖಿತ ಉತ್ತರದಲ್ಲೇ (ಆಫೀಸ್ ಆಕ್ಷನ್) ಕ್ಲೇಮ್ 1, ಅಂದರೆ ನಾನು ಹಕ್ಕು ಕೇಳುವ ಆವಿಷ್ಕಾರವನ್ನು ಹೇಳುವ ಮೊದಲ ವಾಕ್ಯ, ಕೇವಲ ಅಮೂರ್ತ ಕಲ್ಪನೆ ಎಂದು ಸೆಕ್ಷನ್ 101ರಡಿ (ಯಾವ ಬಗೆಯ ವಿಷಯಕ್ಕೆ ಪೇಟೆಂಟ್ ಸಿಗಬಹುದು ಎಂದು ಹೇಳುವ ಅಮೆರಿಕದ ಕಾನೂನಿನ ಭಾಗ) ತಿರಸ್ಕೃತವಾಗಿದೆ. ಕಂಪನದ ದತ್ತಾಂಶ ಪಡೆದು, ಮಿತಿಯೊಂದಿಗೆ ಹೋಲಿಸಿ, ಎಚ್ಚರಿಕೆ ತೋರಿಸುವ ಸಾಧನ ಎಂಬುದು ಆ ಕ್ಲೇಮಿನ ಸಾರ. ಎಲ್ಲ ಅಳತೆಗಳನ್ನೂ ಇಟ್ಟುಕೊಳ್ಳದೆ ಬದಲಾದವುಗಳನ್ನಷ್ಟೇ ಉಳಿಸುವುದರಿಂದ ಚಿಕ್ಕ ಮೈಕ್ರೊಕಂಟ್ರೋಲರ್‌ನ ಮೆಮೊರಿಯೇ ಸಾಕಾಗುತ್ತದೆ ಎಂದು ಅರ್ಜಿಯ ವಿವರಣೆಯಲ್ಲಿ ಎರಡು ಪ್ಯಾರಾ ಬರೆದಿದ್ದೇನೆ. ಇದು ತಾಂತ್ರಿಕ ಸುಧಾರಣೆಯಲ್ಲವೇ?

ಉತ್ತರ: ಸುಧಾರಣೆಯೇ ಸರಿ, ಆದರೆ ತಮ್ಮ ಕ್ಲೇಮ್ 1ರಲ್ಲಿ ಅದು ಎಲ್ಲಿದೆ? ದತ್ತಾಂಶ ಪಡೆಯುವುದು, ಮಿತಿಯೊಂದಿಗೆ ಹೋಲಿಸುವುದು, ಎಚ್ಚರಿಕೆ ತೋರಿಸುವುದು, ಇಷ್ಟೇ ಇದೆ. 2016ರ ಎಲೆಕ್ಟ್ರಿಕ್ ಪವರ್ ಗ್ರೂಪ್ ಪ್ರಕರಣದಲ್ಲಿ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯದ ಮುಂದೆ ಬಿದ್ದುಹೋದದ್ದು ಇದೇ ಬಗೆಯ ಕ್ಲೇಮ್. ಅದೇ ವರ್ಷ ಎನ್‌ಫಿಶ್ ಪ್ರಕರಣದ ಕ್ಲೇಮ್ ಉಳಿಯಿತು. ಏಕೆಂದರೆ ತನ್ನನ್ನೇ ಉಲ್ಲೇಖಿಸುವ ಕೋಷ್ಟಕದ ರಚನೆ ಕ್ಲೇಮಿನೊಳಗೇ ಇತ್ತು, ಅದರಿಂದ ಹುಡುಕಾಟ ವೇಗವಾಗುತ್ತದೆ, ಮೆಮೊರಿ ಕಡಿಮೆ ಸಾಕು ಎಂಬ ವಿವರಣೆಯೂ ಜೊತೆಗಿತ್ತು. ಪರೀಕ್ಷಕರ ಕೈಪಿಡಿಯ 2106.05(ಎ) ಭಾಗವೂ ಇವೆರಡನ್ನೇ ಕೇಳುತ್ತದೆ: ಸುಧಾರಣೆಯು ವಿವರಣೆ ಓದಿದ ತಜ್ಞನಿಗೆ ಕಾಣಬೇಕು, ಕ್ಲೇಮಿನಲ್ಲಿಯೂ ಪ್ರತಿಫಲಿಸಬೇಕು.

ಇನ್ನೊಂದು ಎಚ್ಚರಿಕೆ, ಬಹಳ ಜನ ಎಡವುವುದು ಇಲ್ಲಿಯೇ. ‘ವ್ಯತ್ಯಾಸವನ್ನು ಲೆಕ್ಕಹಾಕುವುದು’ ಎಂದಷ್ಟೇ ಸೇರಿಸಿದರೆ ಅದು ಗಣಿತವೆನಿಸಿ, ಸುಧಾರಣೆಯಾದದ್ದು ಅಮೂರ್ತ ಕಲ್ಪನೆಯೇ ಹೊರತು ಯಂತ್ರವಲ್ಲ ಎನ್ನುತ್ತಾರೆ. ಯಾವ ಅಳತೆ ಮೆಮೊರಿಯ ಯಾವ ಸ್ಥಾನಕ್ಕೆ ಹೋಗುತ್ತದೆ, ಯಾವಾಗ ಯಾವುದರ ಮೇಲೆ ಹೊಸದು ಬರೆಯಲ್ಪಡುತ್ತದೆ ಎಂಬುದನ್ನು ಬರೆಯಿರಿ.

ಪ್ರಶ್ನಿಸಿದವರು: ಪರೀಕ್ಷಕರೊಂದಿಗಿನ ದೂರವಾಣಿ ಸಂದರ್ಶನದಲ್ಲಿ ನಾನು ಈ ತಿದ್ದುಪಡಿಯನ್ನು ಸೂಚಿಸಿದೆ. ಬದಲಾವಣೆಯನ್ನಷ್ಟೇ ಉಳಿಸುವುದು ಎಲ್ಲರೂ ಬಳಸುವ ಹಳೆಯ ವಿಧಾನ ಎಂದು ಪರೀಕ್ಷಕರು ಹೇಳಿದರು.

ಉತ್ತರ: ಆ ಆಕ್ಷೇಪದ ಜಾಗ ಬೇರೆ. ಸೆಕ್ಷನ್ 101ರ ಪರೀಕ್ಷೆಯ 2ಎ ಹಂತದ ಎರಡನೇ ಕವಲಿನಲ್ಲಿ, ಅಂದರೆ ಕ್ಲೇಮ್ ಅಮೂರ್ತ ಕಲ್ಪನೆಯನ್ನು ಪ್ರಾಯೋಗಿಕ ಬಳಕೆಗೆ ಅಳವಡಿಸಿದೆಯೇ ಎಂದು ನೋಡುವಲ್ಲಿ, ಅಂಶವೊಂದು ವಾಡಿಕೆಯದೇ ಎಂಬುದನ್ನು ಪರಿಗಣಿಸುವಂತಿಲ್ಲ. ಅದು, ಕ್ಲೇಮಿನಲ್ಲಿ ಅಮೂರ್ತ ಕಲ್ಪನೆಗಿಂತ ಹೆಚ್ಚಿನದೇನಾದರೂ ಇದೆಯೇ ಎಂದು ಕೇಳುವ 2ಬಿ ಹಂತದ ಪ್ರಶ್ನೆ, ಅಲ್ಲಿಯೂ 2018ರ ಬರ್ಖೈಮರ್ ತೀರ್ಪಿನ ನಂತರ ಬರಿಯ ಹೇಳಿಕೆ ಸಾಲದು, ಆಧಾರ ಬೇಕು. ಹೊಸತನ ಮತ್ತು ಸುಲಭವಾಗಿ ಹೊಳೆಯುವಿಕೆಯನ್ನು ಸೆಕ್ಷನ್ 102 ಮತ್ತು 103 ನೋಡಿಕೊಳ್ಳುತ್ತವೆ. ಮೆಮೊರಿ ಉಳಿತಾಯದ ಅಳತೆಗಳಿದ್ದರೆ ನಿಯಮ 132ರಡಿ ಪ್ರಮಾಣಿತ ಹೇಳಿಕೆಯಾಗಿ ಕೊಡಿ. ವಕೀಲರ ವಾದ ಸಾಕ್ಷ್ಯವಾಗದು. ಆದರೆ ಮೂಲ ವಿವರಣೆಯಲ್ಲಿಲ್ಲದ ಹೊಸ ವಿಷಯವನ್ನು ಅರ್ಜಿಗೆ ಸೇರಿಸಲಾಗದು.

ಪ್ರಶ್ನಿಸಿದವರು: ಹಳೆಯ ಅಳತೆಯ ಮೇಲೆ ಹೊಸದನ್ನು ಬರೆಯುವ ಕ್ರಮ ವಿವರಣೆಯ ಆ ಎರಡನೇ ಪ್ಯಾರಾದಲ್ಲಿ ಪೂರ್ತಿಯಾಗಿತ್ತು. ಅದನ್ನು ಕ್ಲೇಮ್ 1ಕ್ಕೆ ತಂದು, ಬೇರಿಂಗಿನ ಮಿತಿಯನ್ನು ಅವಲಂಬಿತ ಕ್ಲೇಮಿಗೆ (ಕ್ಲೇಮ್ 1ನ್ನು ಆಧರಿಸಿ ಇನ್ನಷ್ಟು ಅಂಶ ಸೇರಿಸುವ ಕ್ಲೇಮ್) ಇಳಿಸಿದ್ದೇನೆ. ಉತ್ತರವನ್ನು ವಕೀಲರು ಸೋಮವಾರ ಸಲ್ಲಿಸುತ್ತಾರೆ.