ಪ್ರಶ್ನೋತ್ತರ: ಸೋತ ಸುಲ್ತಾನ ಸಂಧಿ ಮಾತಿಗೆ ಒಬ್ಬ ಗ್ರೀಕ್ ವೈದ್ಯನ್ನ ಯಾಕೆ ಕಳಿಸಿದ?

ಪ್ರಶ್ನೆ: ಸರ್ ನಮಸ್ಕಾರ, ಎಂಎ ಹಿಸ್ಟರಿ ಮೊದಲ್ನೇ ವರ್ಷದಲ್ಲಿದೀನಿ. 1699ರ ಕಾರ್ಲೋವಿಟ್ಸ್ ಒಪ್ಪಂದದ ಬಗ್ಗೆ ಓದ್ತಿದ್ದೆ, ಯುದ್ಧ ಸೋತ ಆಟೊಮನ್ ತುರ್ಕರು ಆಸ್ಟ್ರಿಯಾದ ಹಾಬ್ಸ್‌ಬರ್ಗ್ ರಾಜರು, ವೆನಿಸ್, ಪೋಲೆಂಡ್ ಜೊತೆ ಮಾಡ್ಕೊಂಡ ಸಂಧಿ. ಆಟೊಮನ್ನರ ಕಡೆಯಿಂದ ಕೂತ ಇಬ್ರಲ್ಲಿ ಒಬ್ರು ಅಲೆಕ್ಸಾಂಡರ್ ಮಾವ್ರೊಕೊರ್ಡಾಟೊಸ್ ಅಂತ ಗ್ರೀಕ್ ಕ್ರಿಶ್ಚಿಯನ್ನು, ಅದೂ ಡಾಕ್ಟರಿಕೆ ಓದಿದೋರು. ಎದುರಿಗಿದ್ದೋರೆಲ್ಲ ಕ್ರಿಶ್ಚಿಯನ್ ರಾಜ್ಯಗಳು. ಅಷ್ಟು ದೊಡ್ಡ ಸಾಮ್ರಾಜ್ಯಕ್ಕೆ ಬೇರೆ ಯಾರೂ ಸಿಗ್ಲಿಲ್ವಾ? ಕ್ಲಾಸಲ್ಲಿ ಕೇಳಿದ್ರೆ "ಅವ್ನು ಬರೀ ಟ್ರಾನ್ಸ್‌ಲೇಟರ್" ಅಂದ್ರು.

ಉತ್ತರ: ಬರೀ ಟ್ರಾನ್ಸ್‌ಲೇಟರ್ ಅಲ್ಲ ಕಣಪ್ಪ, ಇದನ್ನ ಕೇಳಿದಾಗೆಲ್ಲ ನಂಗೆ ಬೇಜಾರಾಗತ್ತೆ. ಹೆಸರಿಗೆ ಅವ್ರು ದರ್ಬಾರಿನ ಮುಖ್ಯ ದುಭಾಷಿ ನಿಜ, 1673ರಿಂದ. ಆದ್ರೆ ಕಾರ್ಲೋವಿಟ್ಸ್‌ನಲ್ಲಿ ಕೂತಿದ್ದು ಸಹಿ ಹಾಕೋ ಪೂರ್ತಿ ಅಧಿಕಾರ ಇರೋ ಪ್ರತಿನಿಧಿಯಾಗಿ, 'ರಹಸ್ಯಗಳ ಪಾಲಕ' ಅನ್ನೋ ಅರ್ಥದ ಬಿರುದನ್ನೂ ಕೊಟ್ಟಿದ್ರು.

ಮೊದ್ಲು ಪರಿಸ್ಥಿತಿ ನೋಡಿ. 1683ರಲ್ಲಿ ಹಾಬ್ಸ್‌ಬರ್ಗ್ ರಾಜಧಾನಿ ವಿಯೆನ್ನಾಗೆ ಹಾಕಿದ ಮುತ್ತಿಗೆ ಹಾಳಾಯ್ತು, ಆಮೇಲೆ ಹಂಗೇರಿಯ ಬುಡಾ ಹೋಯ್ತು, 1697ರ ಸೆಪ್ಟೆಂಬರ್‌ನಲ್ಲಿ ಝೆಂಟಾ ಹತ್ರ ಸೈನ್ಯ ಟಿಸಾ ನದಿ ದಾಟ್ತಿರುವಾಗ್ಲೇ ಹಾಬ್ಸ್‌ಬರ್ಗ್ ಸೇನಾಪತಿ ಸವೊಯ್‌ನ ಯುಜೀನ್ ಬಂದು ಮುಗಿಬಿದ್ದ, ಪ್ರಧಾನ ವಜೀರನೇ ಸತ್ತ, ಸುಲ್ತಾನ ಎರಡನೇ ಮುಸ್ತಫಾ ಆ ದಡದಲ್ಲಿ ನಿಂತು ನೋಡ್ಬೇಕಾಯ್ತು. ಹೊಸ ವಜೀರ ಅಮ್ಜಾಝಾದೆ ಹುಸೇನ್ ಪಾಷಾಗೆ ಗೊತ್ತಾಗಿತ್ತು, ಇನ್ನು ಯುದ್ಧ ಆಗಲ್ಲ, ಸಂಧಿನೇ ದಾರಿ ಅಂತ. ಕಷ್ಟ ಏನಂದ್ರೆ ಸೋತ ಪಕ್ಷವಾಗಿ ಹೀಗೆ ಮೇಜಿನ ಮುಂದೆ ಕೂತು ಚೌಕಾಸಿ ಮಾಡೋ ಅಭ್ಯಾಸ ಆ ದರ್ಬಾರಿಗೆ ಇರ್ಲಿಲ್ಲ, ಪಾಷಾಗಳು, ಅಂದ್ರೆ ದೊಡ್ಡ ಅಧಿಕಾರಿಗಳು, ಕಲ್ತಿದ್ದು ಸೈನ್ಯ ನಡೆಸೋದು. ಅದಕ್ಕೇ ಮೊದಲ ಪ್ರತಿನಿಧಿಯಾಗಿ ಕಳಿಸಿದ್ದೂ ಸೇನಾಪತಿನ ಅಲ್ಲ, ಕಾಗದಪತ್ರ ನೋಡೋ ಮುಖ್ಯ ಕಾರ್ಯದರ್ಶಿ ರಾಮಿ ಮೆಹ್ಮೆದ್ ಎಫೆಂದಿನ.

ಇವ್ರ ಪಕ್ಕದಲ್ಲಿ ಮಾವ್ರೊಕೊರ್ಡಾಟೊಸ್ ಯಾಕೆ ಬೇಕಿತ್ತು ಅಂದ್ರೆ, ಎದುರಾಳಿ ಆಡೋ ಮಾತು ಲ್ಯಾಟಿನ್ನು, ಇಟಾಲಿಯನ್ನು. ದರ್ಬಾರಿನ ಮುಸ್ಲಿಂ ಅಧಿಕಾರಿಗಳಲ್ಲಿ ಅದನ್ನ ಕಲಿತೋರು ಬಹಳ ಕಮ್ಮಿ. ಇವ್ರು ಪಡುವಾದಲ್ಲಿ ಓದಿ, ಶ್ವಾಸಕೋಶ ಮತ್ತೆ ರಕ್ತ ಪರಿಚಲನೆ ಬಗ್ಗೆ ಲ್ಯಾಟಿನ್‌ನಲ್ಲೇ 1664ರಲ್ಲಿ ಪ್ರಬಂಧ ಬರೆದೋರು. ಸಂಧಿಗೆ ಆಧಾರ ಅಂತ ಒಪ್ಕೊಂಡಿದ್ದೂ ರೋಮನ್ ಕಾನೂನಿನ ಒಂದು ಸೂತ್ರ, 'ಉಟಿ ಪೊಸಿಡೆಟಿಸ್', ಅಂದ್ರೆ ಈಗ ಯಾರ ಕೈಲಿ ಏನಿದ್ಯೋ ಅದು ಅವ್ರಿಗೆ. ಕೇಳೋಕೆ ಸುಲಭ, ಆದ್ರೆ ಒಂದೊಂದು ಕೋಟೆ, ಒಂದೊಂದು ನದಿ ಬಂದಾಗ್ಲೂ 'ಕೈಲಿದೆ' ಅಂದ್ರೆ ಏನು ಅಂತ ವಾದ ಮಾಡ್ಬೇಕಲ್ಲ, ಅದನ್ನ ಆ ಭಾಷೆಲೇ ಯೋಚ್ನೆ ಮಾಡಬಲ್ಲೋನೇ ಮಾಡ್ಬೇಕು.

ಇನ್ನೊಂದು, ಇವ್ರಿಗೆ ವಿಯೆನ್ನಾ ಹೊಸದಲ್ಲ. 1688ರಲ್ಲಿ ಝುಲ್ಫಿಕಾರ್ ಎಫೆಂದಿ ಜೊತೆ ಸಂಧಿ ಕೇಳೋಕೆ ಹೋಗಿದ್ರು, ಫಲ ಸಿಗ್ಲಿಲ್ಲ, ಅವ್ರನ್ನ ವರ್ಷಗಟ್ಟಲೆ ಅಲ್ಲೇ ಇಟ್ಕೊಂಡ್ರು. ಆ ಸೋತ ಪ್ರಯಾಣದಲ್ಲೇ ಎದುರಾಳಿಗಳು ಯಾರು, ಅವ್ರಿಗೆ ಏನ್ ಬೇಕು ಅನ್ನೋದು ಅರ್ಥ ಆಗಿತ್ತು.

ಫಾಲೋಅಪ್ (ಇನ್ನೊಬ್ಬ ಸದಸ್ಯರು): ಅದೆಲ್ಲ ಸರಿ ಸರ್, ಆದ್ರೆ ನಂಬಿಕೆ? ಅವ್ರ ಧರ್ಮದವರ ಕಡೆಗೇ ವಾಲಿದ್ರೆ?

ಉತ್ತರ: ಒಳ್ಳೆ ಪ್ರಶ್ನೆ. ನನ್ನ ಅಭಿಪ್ರಾಯ ಹೇಳ್ತೀನಿ, ಇದೇ ಅವ್ರನ್ನ ಆರಿಸೋಕೆ ಕಾರಣಾನೂ ಆಗಿತ್ತು. ಒಬ್ಬ ಪಾಷಾಗೆ ಪ್ರಾಂತ್ಯ ಇರತ್ತೆ, ಸೈನ್ಯ ಇರತ್ತೆ, ನಾಳೆ ವಜೀರ ಆಗ್ಬೇಕು ಅನ್ನೋ ಆಸೆ ಇರತ್ತೆ. ಇವ್ರಿಗೆ ಅದ್ಯಾವ್ದೂ ಇಲ್ಲ, ಮನೆ ಮಕ್ಕಳು ಆಸ್ತಿ ಎಲ್ಲ ಇಸ್ತಾಂಬುಲ್‌ನಲ್ಲಿ, ಸುಲ್ತಾನನ ಕೈಯಳತೆಲಿ. ವಿಯೆನ್ನಾ ಸೋಲಾದ್ಮೇಲೆ ಇವ್ರನ್ನ ಜೈಲಿಗೆ ಹಾಕಿದ್ರು, ಅವ್ರು ಸೇವೆ ಮಾಡಿದ್ದ, ಆ ಮುತ್ತಿಗೆ ನಡೆಸಿದ ಪ್ರಧಾನ ವಜೀರ ಕಾರಾ ಮುಸ್ತಫಾ ಪಾಷಾನ ಬೆಲ್‌ಗ್ರೇಡ್‌ನಲ್ಲಿ ಕೊಂದ್ರು, ಅಂದ್ರೆ ಎಡವಿದ್ರೆ ಏನಾಗತ್ತೆ ಅಂತ ಅನುಭವಿಸಿ ತಿಳ್ದಿದ್ದ ಮನುಷ್ಯ. ಮತ್ತೆ ಒಬ್ರನ್ನೇ ಕಳಿಸ್ಲಿಲ್ಲ ಅನ್ನೋದು ಮರೀಬೇಡಿ, ರಾಮಿ ಮೆಹ್ಮೆದ್ ಜೊತೆಗಿದ್ರು, ಪ್ರತಿ ಮಾತಿಗೂ ಇಬ್ರೂ ಹೊಣೆ.

ಫಾಲೋಅಪ್ (ಮೊದಲು ಕೇಳಿದವರು): ಕೊನೆಗೆ ಏನ್ ಉಳಿಸಿದ್ರು ಸರ್? ಹಂಗೇರಿ ಹೋಯ್ತಲ್ಲ.

ಉತ್ತರ: ಹೋಯ್ತು. ಹಂಗೇರಿಯ ಬಹುಪಾಲು, ಟ್ರಾನ್ಸಿಲ್ವೇನಿಯಾ ಹಾಬ್ಸ್‌ಬರ್ಗ್‌ಗೆ, ಗ್ರೀಸ್‌ನ ದಕ್ಷಿಣದ ಮೊರಿಯಾ ವೆನಿಸ್‌ಗೆ, ಪೊಡೋಲಿಯಾ ಪೋಲೆಂಡ್‌ಗೆ. ಅದು ಯುದ್ಧದಲ್ಲೇ ಸೋತಿದ್ದು, ಮೇಜಿನ ಮೇಲೆ ಸೋತಿದ್ದಲ್ಲ. ಹಾಗೇ ಅಂದ್ರೂ ಪೊಡೋಲಿಯಾದ ಕಾಮೆನೆಟ್ಸ್ ಕೋಟೆ ಮಾತ್ರ ಸುಲ್ತಾನನ ಕೈಲೇ ಇತ್ತು, ಸೂತ್ರದ ಪ್ರಕಾರ ಉಳೀಬೇಕಿತ್ತು, ಅದನ್ನ ಪೋಲೆಂಡ್‌ಗೆ ಬಿಟ್ಕೊಟ್ರು, ಅಲ್ಲಿ ಸೋತ್ರು ಅಂತ್ಲೇ ನಾನು ಹೇಳೋದು. ಹಂಗೇರಿ ಕಡೆಯ ತೆಮೆಶ್ವಾರ್ ಪ್ರಾಂತ್ಯ ಉಳೀತು. ನಂಗೆ ತುಂಬ ಮುಖ್ಯ ಅನ್ಸೋದು ಇಮ್ರೆ ತೊಕೊಲಿ ವಿಷ್ಯ. ಹಾಬ್ಸ್‌ಬರ್ಗ್ ವಿರುದ್ಧ ದಂಗೆ ಎದ್ದು ಆಟೊಮನ್ನರ ಆಶ್ರಯದಲ್ಲಿದ್ದ ಹಂಗೇರಿಯ ನಾಯಕ ಆತ. ಅವ್ನನ್ನ ಒಪ್ಪಿಸಿ ಅಂತ ವಿಯೆನ್ನಾದವ್ರು ಪಟ್ಟು ಹಿಡಿದ್ರು. ಇವ್ರು ಒಪ್ಲಿಲ್ಲ. ಗಡಿಯಿಂದ ದೂರ ಇಡ್ತೀವಿ ಅಂತಷ್ಟೇ ಮಾತು ಕೊಟ್ರು, ಆಮೇಲೆ ಅವ್ನನ್ನ ಇಜ್ಮಿತ್‌ಗೆ ಕಳಿಸಿದ್ರು, 1705ರಲ್ಲಿ ಅಲ್ಲೇ ತೀರ್ಕೊಂಡ. ಸೋತು ಕೂತಿರುವಾಗ ನಂಬಿ ಬಂದೋನನ್ನ ಬಿಟ್ಕೊಡದೆ ಸಂಧಿ ಮುಗಿಸೋದು ಸಣ್ಣ ಕೆಲ್ಸ ಅಲ್ಲ.

ಫಾಲೋಅಪ್: ಸಂಧಿ ಮಾತುಕತೆ ನಡೆದ ನಾಲ್ಕು ಬಾಗಿಲ ಮನೆ ಕಥೆ ನಿಜಾನಾ?

ಉತ್ತರ: ಯಾರು ಮೊದ್ಲು ಒಳಗೆ ಹೋಗ್ಬೇಕು ಅನ್ನೋ ಜಗಳ ಬರಬಾರ್ದು ಅಂತ ನಾಲ್ಕು ಬಾಗಿಲು ಇಟ್ಟಿದ್ರು, ದುಂಡು ಮೇಜು ಹಾಕಿದ್ರು ಅಂತ ಹೇಳ್ತಾರೆ. ಈಗ ಅದು ಸರ್ಬಿಯಾದ ಸ್ರೆಮ್ಸ್ಕಿ ಕಾರ್ಲೊವ್ಚಿ, ಆ ಜಾಗದಲ್ಲೊಂದು ಚಾಪೆಲ್, ಅಂದ್ರೆ ಸಣ್ಣ ಚರ್ಚು, ಇದೆ. ಅದಕ್ಕೂ ನಾಲ್ಕು ಬಾಗಿಲು.