ಕೆಲ್ಸ ಕಲಿತ ಹುಡ್ಗರು ನಿಲ್ತಿಲ್ಲ, ನಿಮ್ಮನ್ನ ಒಂದೇ ಕಡೆ ನಿಲ್ಸಿದ್ದು ಏನು?

ಕೂರ್ಗಳ್ಳಿ ವರ್ಕ್‌ಶಾಪ್: ನಮ್ದು ಮೈಸೂರಲ್ಲಿ ಚಿಕ್ಕ ಸಿಎನ್‌ಸಿ ಯುನಿಟ್, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಂ ಹಾಕಿ ಲೋಹದ ಪಾರ್ಟ್ಸ್ ಮಾಡೋ ಮೆಷಿನ್‌ಗಳು. ಐಟಿಐ ಮುಗಿಸ್ಕೊಂಡು ಬಂದವ್ರಿಗೆ ಸೆಟ್ಟಿಂಗ್, ಪ್ರೋಗ್ರಾಂ ಎಲ್ಲಾ ಕಲಿಸ್ತೀವಿ, ಕೈ ಕೂತ್ಕೊಂಡ ತಕ್ಷಣ ಬೆಂಗ್ಳೂರು ಅಂತಾರೆ. ಸಂಬಳ ಏರಿಸಿದ್ರೂ ಅಷ್ಟೇ. ಒಂದೇ ಕಡೆ ವರ್ಷಗಟ್ಲೆ ಇರೋರು ಯಾಕಿದೀರಿ, ಸ್ವಲ್ಪ ಹೇಳಿ.

ಹೆಬ್ಬಾಳ್ ಬಿ ಶಿಫ್ಟ್: ನಾನು ಟೂಲ್ ರೂಮಲ್ಲಿ ಒಂಬತ್ತು ವರ್ಷದಿಂದ ಇದೀನಿ ಸರ್, ಓನರ್ ಮುಖ ನೋಡ್ಕೊಂಡಲ್ಲ. ಅಪ್ಪಂಗೆ ಸ್ಟ್ರೋಕ್ ಆಗಿ ಕೆ.ಆರ್. ಆಸ್ಪತ್ರೇಲಿ ಮಲಗಿದ್ದಾಗ ಸೂಪರ್‌ವೈಸರ್ ಕೇಳ್ದೇನೇ ನನ್ ಶಿಫ್ಟ್ ಬದಲಾಯ್ಸಿದ್ರು, ಒಂದು ದಿನದ ಸಂಬಳಾನೂ ಕಟ್ ಆಗ್ಲಿಲ್ಲ. ಆಮೇಲೆ ಬಿಡದಿಯಿಂದ ಒಂಬತ್ತು ಸಾವಿರ ಜಾಸ್ತಿಗೆ ಆಫರ್ ಬಂತು, ಲೆಕ್ಕ ಹಾಕ್ದೆ, ರೂಮ್ ಬಾಡಿಗೆ 5,500, ಮೆಸ್ಸು 3,500, ಅಲ್ಲಿಗೆ ಸೊನ್ನೆ, ವಾರವಾರ ಊರಿಗೆ ಬರೋ ಟ್ರೈನ್ ಚಾರ್ಜು ಕೈಯಿಂದ. ಹೋಗಿರೋ ನನ್ ಬ್ಯಾಚಿನವ್ರು ಈಗ ನನ್ ಹತ್ರಾನೇ ಸಾಲ ಕೇಳ್ತಾರೆ.

ಮದ್ದೂರು ಹುಡ್ಗ: ನಿಯತ್ತು ಅಂದ್ರೆ ನಂಗೆ ಮೈ ಉರಿತದೆ. ಗೆಜ್ಜಲಗೆರೇಲಿ ಒಂದು ಫ್ಯಾಕ್ಟ್ರಿ, ಹೆಸ್ರು ಬ್ಯಾಡ. ನಾಲ್ಕು ವರ್ಷ ಹತ್ತು ತಿಂಗ್ಳು ದುಡಿದೆ. ಬೇಸಿಕ್ 13,000, ತಿಂಗ್ಳಿಗೆ 26 ದಿನ ಅಂತ ಹಿಡಿದು ಹದಿನೈದು ದಿನದ ಲೆಕ್ಕ, ಅಂದ್ರೆ 15/26 ಹಾಕಿದ್ರೆ ವರ್ಷಕ್ಕೆ 7,500, ಐದಕ್ಕೆ 37,500 ಗ್ರಾಚ್ಯುಟಿ, ಅದೇ ಐದು ವರ್ಷ ದುಡಿದು ಬಿಡೋರಿಗೆ ಕಂಪ್ನಿ ಕೊಡ್ಬೇಕಾದ ದುಡ್ಡು. ಐದು ತುಂಬಿಲ್ಲ ಅಂತ ಒಂದು ರೂಪಾಯೂ ಕೊಡ್ಲಿಲ್ಲ ಕಣಣ್ಣ.

ಪೇರೋಲ್ ಅಕ್ಕ: ಐದನೇ ವರ್ಷದಲ್ಲಿ 240 ದಿನ ಕೆಲ್ಸ ಮಾಡಿದ್ರೆ ಸಾಕು ಅಂತ ಮದ್ರಾಸ್ ಹೈಕೋರ್ಟ್ ತೀರ್ಪಿದೆ, ಲೇಬರ್ ಆಫೀಸಿಗೆ ಅರ್ಜಿ ಹಾಕ್ಬೇಕಿತ್ತು. ನನ್ ವಿಷ್ಯ ಹೇಳ್ತೀನಿ, ಹೆರಿಗೆ ರಜ 26 ವಾರ ಮುಗಿಸ್ಕೊಂಡು ಬಂದಾಗ ನನ್ ಸೀಟು, ನನ್ ಫೈಲು ಎಲ್ಲಾ ಹಂಗೇ ಇತ್ತು. ಹಿಂದಿನ ಕಂಪ್ನೀಲಿ ಮೊದಲ್ನೇ ಹೆರಿಗೆ ಆದ್ಮೇಲೆ ಸ್ಟೋರ್ಸಿಗೆ ತಳ್ಳಿದ್ರು, ಗೋಣಿಚೀಲ ಎಣಿಸ್ತಾ ಕೂತಿದ್ದೆ. ಅದಕ್ಕೇ ಈಗ ಬೇರೆ ಕಡೆ ಕರೆದ್ರೂ ಹೋಗಲ್ಲ.

ಮದ್ದೂರು ಹುಡ್ಗ: ಮದ್ರಾಸ್ ತೀರ್ಪು ತೋರ್ಸಿದ್ರೆ ನಮ್ ಎಚ್‌ಆರು ಇದು ಕರ್ನಾಟಕ ಅಂದ ಅಕ್ಕ. ಲೇಬರ್ ಆಫೀಸಿಗೆ ಅಲೆಯೋಕೆ ಹೊಸ ಕೆಲ್ಸದಲ್ಲಿ ರಜ ಯಾರ್ ಕೊಡ್ತಾರೆ?

ಹೆಬ್ಬಾಳ್ ಬಿ ಶಿಫ್ಟ್: ಎರಡು ತಿಂಗ್ಳು ಕಾಯೋಕಾಗ್ಲಿಲ್ವಾ ಗುರು? ನಿಮ್ ಕಡೆಯವ್ರದ್ದು ಇದೇ, ಕಬ್ಬು ಕಟಾವಿಗೆ ಬಂತು ಅಂದ್ರೆ ಮೆಷಿನ್ ಬಿಟ್ಟು ಹೊರಟ್ಬಿಡ್ತೀರ.

ಮದ್ದೂರು ಹುಡ್ಗ: ಕಟಾವಿಗಲ್ಲ, ನಮ್ಮಜ್ಜಿ ತಿಥಿಗೆ ಒಂದು ದಿನ ಕೇಳಿದ್ದಕ್ಕೆ ಎಲ್ಲರ ಮುಂದೆ ಉಗಿದ. ನಿಂಗೆ ಸಿಕ್ಕಿದಂಥ ಸೂಪರ್‌ವೈಸರ್ ಸಿಕ್ಕಿದ್ರೆ ನಾನೂ ಇರ್ತಿದ್ದೆ. ಮೈಸೂರಿನವ್ರು ದಸರಾ ಹತ್ತು ದಿನ ಎಷ್ಟು ಕೆಲ್ಸ ಮಾಡ್ತೀರ ಅಂತ ಗೊತ್ತು ಸುಮ್ನಿರಪ್ಪ.

ಹೆಬ್ಬಾಳ್ ಬಿ ಶಿಫ್ಟ್: ದಸರಾಗೆ ನಮಗೆ ಓಟಿ ಕಣೋ, ರಜ ಅಲ್ಲ.

ಪೇರೋಲ್ ಅಕ್ಕ: ಜಗಳ ಸಾಕು. ಪೋಸ್ಟ್ ಹಾಕಿರೋ ಸರ್, ನಿಮ್ ಹುಡ್ಗರಿಗೆ ಪಿಎಫ್ ಕಟ್ತೀರಾ?

ಕೂರ್ಗಳ್ಳಿ ವರ್ಕ್‌ಶಾಪ್: ಅವ್ರೇ ಬೇಡ ಅಂದ್ರು ಮೇಡಂ, ಕೈಗೆ ಜಾಸ್ತಿ ಬರ್ಲಿ ಅಂತ.

ಪೇರೋಲ್ ಅಕ್ಕ: ಬೇಸಿಕ್ 15,000 ಒಳಗಿದ್ರೆ ಬೇಡ ಅನ್ನೋ ಹಂಗಿಲ್ಲ, ಇಪ್ಪತ್ತು ಜನ ಇದ್ರೆ ಕಡ್ಡಾಯ. ಎಷ್ಟು ಜನ ಇದೀರ?

ಕೂರ್ಗಳ್ಳಿ ವರ್ಕ್‌ಶಾಪ್: ಹತ್ತೊಂಬತ್ತು.

ಮದ್ದೂರು ಹುಡ್ಗ: ಓಹೋ, ಅಂಗೆ! ಹುಡ್ಗರು ಓಡೋಗ್ತಾವ್ರೆ ಅಂತ ಇವ್ರಿಗೆ ಬೇಜಾರಂತೆ.