‘ಆಟ’ ಅಂದರೆ ಸಡಿಲವಾ? ಹಳೇ ಬುಲೆಟ್ ರಿಪೇರಿಯಲ್ಲಿ ಎದುರಾದ ಪದಗಳು

ಎಲ್ಲರಿಗೂ ನಮಸ್ಕಾರ. ‘ಆಟ’ ಅನ್ನೋ ಪದದ ಬಗ್ಗೆ ಕೇಳಬೇಕಿತ್ತು. ಮಕ್ಕಳ ಆಟ ಅಲ್ಲ, ನಮ್ಮ ಕಡೆಯ ಬಯಲಾಟವೂ ಅಲ್ಲ. ಗಾಡಿಯ ಎರಡು ಭಾಗಗಳ ನಡುವೆ ಬೇಕಂತಲೇ ಒಂಚೂರು ಜಾಗ ಬಿಟ್ಟಿರುತ್ತಾರಲ್ಲ, ಗ್ಯಾರೇಜಿನವರು ‘ಪ್ಲೇ’ ಅಂತಾರಲ್ಲ, ಅದು.

ನಾನಿರೋದು ಬಳ್ಳಾರಿಯಲ್ಲಿ. ನನ್ನ ಹತ್ತಿರ ಹಳೇ ಬುಲೆಟ್ 350 ಇದೆ. ಎರಕದ ಕಬ್ಬಿಣದ ಸಿಲಿಂಡರಿನದು, ನಾಲ್ಕು ಗೇರು, ಗೇರ್ ಬಲಗಾಲಿಗೆ. ಮದ್ರಾಸಿನಲ್ಲಿ 1955ರಲ್ಲಿ ಶುರುವಾದ ಆ 346 ಸಿಸಿ ಇಂಜಿನ್ನಿನ ವಂಶದ್ದೇ. ಇಂಥ ಗಾಡಿ ಇಟ್ಟುಕೊಂಡು ದೂರ ಹೋಗುವ ನಾವು ಕೆಲವರು ಸೇರಿ, ಮನೆಯಲ್ಲೇ ಮಾಡಿಕೊಳ್ಳುವ ಕೆಲಸಗಳನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇವೆ. ನಟ್ಟು, ಬೋಲ್ಟು, ಟ್ಯಾಪೆಟ್ಟು, ಕ್ಲಚ್ಚು ಇವುಗಳಿಗೆ ಕನ್ನಡ ಹುಡುಕುವ ಹುಚ್ಚು ನಮಗಿಲ್ಲ. ಅವು ಆಗಲೇ ಕನ್ನಡವೇ. ತೊಡಕು ಬಂದಿದ್ದು ಬೇರೆ ಕಡೆ.

ಮೊದಲು ನಾವು ಎಲ್ಲ ಕಡೆ ‘ಸ್ವಲ್ಪ ಸಡಿಲ ಇರಲಿ’ ಅಂತ ಬರೆದೆವು. ಓದಿದ ಹುಡುಗನೊಬ್ಬ ಕೇಳಿದ, ‘ಸಡಿಲ ಇದ್ದರೆ ಬಿಗಿ ಮಾಡಬೇಕಲ್ವಾ ಅಣ್ಣಾ?’ ಅವನು ಕೇಳಿದ್ದು ಸರಿ. ಕನ್ನಡದಲ್ಲಿ ಸಡಿಲ ಅಂದರೆ ಅರ್ಧ ದೂರು ಇದ್ದಂಗೆ. ನಟ್ಟು ಸಡಿಲ, ಹಗ್ಗ ಸಡಿಲ, ನಾಲಿಗೆ ಸಡಿಲ, ಎಲ್ಲವೂ ಸರಿಮಾಡಬೇಕಾದವು. ಆದರೆ ಕ್ಲಚ್ ಲಿವರಿನಲ್ಲಿ 2–3 ಮಿಲಿಮೀಟರ್ ಬಿಡೋದು ದೋಷ ಅಲ್ಲ, ಅದು ಇರಲೇಬೇಕು. ಅದಿಲ್ಲದಿದ್ದರೆ ಕ್ಲಚ್ ಪೂರ್ತಿ ಹಿಡಿಯೋದೇ ಇಲ್ಲ, ಜಾರುತ್ತದೆ, ಕೊನೆಗೆ ಪ್ಲೇಟು ಸುಡುತ್ತವೆ. ಇಲ್ಲಿನ ಗ್ಯಾರೇಜುಗಳಲ್ಲಿ ಇದಕ್ಕೆ ‘ಫ್ರೀ ಇರ್ಲಿ’ ಅಂತಾರೆ. ಮಾತಿನಲ್ಲಿ ಚೆನ್ನಾಗೇ ನಡೆಯುತ್ತದೆ. ಬರವಣಿಗೆಯಲ್ಲಿ ‘ಕ್ಲಚ್ ಫ್ರೀ’ ಅಂತ ಹಾಕಿದರೆ ಪುಕ್ಕಟೆ ಕೊಡ್ತಾರೇನೋ ಅನ್ನಿಸುತ್ತದೆ.

‘ಆಟ’ ಹೊಳೆದಿದ್ದು ಟ್ಯಾಪೆಟ್ (ಇಂಜಿನ್ನಿನ ವಾಲ್ವ್ ಎತ್ತುವ ಭಾಗ) ಕೆಲಸದಿಂದ. ಬುಲೆಟ್ಟಿನ ಬಲಗಡೆ, ಸಿಲಿಂಡರಿನ ಬುಡದಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ. ಒಂದೇ ನಟ್ಟು. ಅದನ್ನು ತೆಗೆದರೆ ಒಳಗೆ ಎರಡು ಪುಷ್‌ರಾಡ್ (ವಾಲ್ವ್ ತೆರೆಯುವ ಸರಳುಗಳು) ನಿಂತಿರುತ್ತವೆ, ಬುಡದಲ್ಲಿ ಅಡ್ಜಸ್ಟರ್, ಅದಕ್ಕೊಂದು ಲಾಕ್ ನಟ್. ಇಂಜಿನ್ ಪೂರ್ತಿ ತಣ್ಣಗಿರಬೇಕು. ಪಿಸ್ಟನ್ ಕಂಪ್ರೆಷನ್ನಿನಲ್ಲಿ ಮೇಲಕ್ಕೆ ಬಂದು ಎರಡೂ ವಾಲ್ವ್ ಮುಚ್ಚಿರಬೇಕು. ಆಗ ಎಣ್ಣೆ ಮೆತ್ತಿದ ಆ ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುವಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಎತ್ತಿ ನೋಡಿದರೆ ಮಾತ್ರ ಜಗ್ಗಬಾರದು. ತಿರುಗದಷ್ಟು ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಎಗ್ಜಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ. ಜಾಸ್ತಿ ಬಿಟ್ಟರೆ ಟಕಟಕ ಸದ್ದು. ಇಷ್ಟನ್ನೂ ನಮ್ಮ ಕೌಲ್ ಬಜಾರಿನ ಮೇಸ್ತ್ರಿ ಒಂದೇ ಮಾತಲ್ಲಿ ಹೇಳಿ ಮುಗಿಸುತ್ತಾರೆ: ‘ತಿರುಗ್ಬೇಕು ನೋಡ್ರಿ, ಆಡಬಾರ್ದು.’

ಇಂಗ್ಲಿಷ್ ಕೈಪಿಡಿಯಲ್ಲಿ ಇದಕ್ಕೆ ಒಂದು ಪ್ಯಾರಾ ಬೇಕಾಗಿದೆ.

ಅಲ್ಲಿಂದ ‘ಆಡು’ ಹಿಂದೆ ಬಿದ್ದೆ. ನೋಡಿದರೆ ಇದು ಹೊಸ ಅರ್ಥವೇನಲ್ಲ. ಹಲ್ಲು ಆಡುತ್ತದೆ. ಮನೆಯಲ್ಲಿ ಗಾಳಿ ಆಡುವುದಿಲ್ಲ. ಉಸಿರಾಡುತ್ತೇವೆ. ಒಗ್ಗರಣೆಗೆ ಕೈಯಾಡಿಸುತ್ತೇವೆ. ಮನೆಯಲ್ಲಿ ಚೂರು ದುಡ್ಡು ‘ಆಡ್ತಿದೆ’ ಅಂತಲೂ ಹೇಳುತ್ತೇವೆ. ಎಲ್ಲದರಲ್ಲೂ ಇರೋದು ಅಲುಗಾಟ, ಓಡಾಟ. ಆಟ ಆಡುವುದು ಅದರ ಒಂದು ಕವಲು ಅಷ್ಟೇ. ತಮಿಳಿನಲ್ಲೂ ಹಲ್ಲು ‘ಆಡು’ತ್ತದೆ. ನಮ್ಮ ಬಳ್ಳಾರಿ ತೆಲುಗಿನವರು ಮಾತ್ರ ಹಲ್ಲಿಗೂ ಗಾಲಿಗೂ ‘ಊಗ್ತಾ ಉಂದಿ’ ಅಂತಾರೆ, ಅಂದರೆ ತೂಗಾಡುತ್ತಿದೆ ಅಂತ. ಹಂಗಾಗಿ ‘ಪ್ಲೇ’ ಅನ್ನು ‘ಆಟ’ ಮಾಡಿದರೆ ಅದು ಇಂಗ್ಲಿಷಿನ ನಕಲು ಅನ್ನುವವರ ಮಾತು ನಾನು ಒಪ್ಪಲ್ಲ. ‘ಆಡು’ ಮೊದಲಿಂದ ಇಲ್ಲೇ ಇತ್ತು, ಯಂತ್ರ ಆಮೇಲೆ ಬಂತು.

ಆದರೂ ನನಗೆ ಪೂರ್ತಿ ಸಮಾಧಾನ ಇಲ್ಲ, ಕಾರಣ ಹ್ಯಾಂಡಲ್. ‘ಹ್ಯಾಂಡಲ್ ಆಡ್ತಿಲ್ಲ’ ಅಂದರೆ ಜಾಮ್ ಆಗಿದೆ, ಎಡಕ್ಕೆ ಬಲಕ್ಕೆ ತಿರುಗ್ತಿಲ್ಲ ಅಂತ. ‘ಹ್ಯಾಂಡಲ್ ಆಡ್ತೈತಿ’ ಅಂದರೆ ಅದೂ ದೂರೇ! ಕೋನ್ (ಹ್ಯಾಂಡಲ್ ಬುಡದ ಬೇರಿಂಗ್) ಸವೆದಿದೆ ಅಥವಾ ಸಡಿಲಾಗಿದೆ, ಗಾಡಿ ಸ್ಟ್ಯಾಂಡಿಗೆ ಹಾಕಿ ಮುಂದಿನ ಗಾಲಿ ಎತ್ತಿ, ಫೋರ್ಕಿನ ಕೆಳತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಿದರೆ ‘ಟಕ್’ ಅನ್ನುತ್ತದೆ ಅಂತ. ಒಂದೇ ಕ್ರಿಯಾಪದ, ಆಡಿದರೂ ತಪ್ಪು, ಆಡದಿದ್ದರೂ ತಪ್ಪು. ಯಾವ ದಿಕ್ಕಿಗೆ ಅನ್ನೋದನ್ನ ಕೇಳುವವನೇ ತಿಳಿದುಕೊಳ್ಳಬೇಕು. ಗಾಡಿ ಎದುರಿಗಿದ್ದಾಗ ತೊಂದರೆ ಇಲ್ಲ, ಕೈ ತೋರಿಸಿದರೆ ಆಯ್ತು. ಕಾಗದದ ಮೇಲೆ ಹೇಗೆ? ಸದ್ಯಕ್ಕೆ ನಾನು ಮಾಡಿಕೊಂಡಿರೋದು ಹೀಗೆ: ನಾಮಪದ ‘ಆಟ’ವನ್ನು ಇರಬೇಕಾದ ಜಾಗಕ್ಕೆ (‘ಕ್ಲಚ್ ಲಿವರಿಗೆ 2–3 ಮಿಮೀ ಆಟ ಇರಲಿ’), ದೋಷಕ್ಕೆ ‘ಅಲ್ಲಾಟ’ (‘ಗಾಲಿಯಲ್ಲಿ ಅಲ್ಲಾಟ ಇದ್ದರೆ ಬೇರಿಂಗ್ ನೋಡಿ’). ಇದು ನಾನು ಎಳೆದ ಗೆರೆ. ಮಾತಿನಲ್ಲಿ ಜನ ಇದನ್ನು ಪಾಲಿಸೋದಿಲ್ಲ ಅಂತ ಗೊತ್ತು.

ಚೈನಿನ ವಿಷಯ ಸುಲಭ. ಅಲ್ಲಿ ಆಟ ಅಲ್ಲ, ‘ಜೋಲು’. ಗಾಲಿ ನಿಧಾನಕ್ಕೆ ತಿರುಗಿಸಿ ಚೈನ್ ಎಲ್ಲಿ ಅತಿ ಬಿಗಿ ಬರುತ್ತದೋ ಅಲ್ಲಿ ನಿಲ್ಲಿಸಿ, ಕೆಳಗಿನ ಎಳೆಯ ನಡುವೆ ಬೆರಳಿಟ್ಟು ಮೇಲಕ್ಕೆ ಒತ್ತಿ ನೋಡಬೇಕು, ಸುಮಾರು 25ರಿಂದ 30 ಮಿಮೀ ಜೋಲು. ಸಂಡೂರು–ತೋರಣಗಲ್ಲು ಕಡೆ ಹೋಗಿಬಂದರೆ ಅದಿರಿನ ಕೆಂಪು ದೂಳು ಎಣ್ಣೆಗೆ ಕೂತು ಚೈನ್ ಬೇಗ ಸವೆಯುತ್ತದೆ, ಜೋಲೂ ಬೇಗ ಹೆಚ್ಚುತ್ತದೆ, ಆ ಕಡೆ ಓಡಾಡುವವರು ಆಗಾಗ ನೋಡಿಕೊಳ್ಳಿ. ‘ಜೋಲು’ ಪದಕ್ಕೆ ಯಾರೂ ತಕರಾರು ಎತ್ತಿಲ್ಲ. ರಾಯಚೂರಿನ ಗೆಳೆಯರೂ ಅದನ್ನೇ ಹೇಳ್ತಾರೆ.

ಪಾಯಿಂಟಿನದು (ಕಿಡಿ ಹಾರಿಸಲು ಕರೆಂಟು ಕೂಡಿಸಿ ಬಿಡಿಸುವ ಸ್ವಿಚ್ಚು) ಬೇರೆ ಕಥೆ. ಹಳೇ ಬುಲೆಟ್ಟಿನಲ್ಲಿ ಕಾಂಟ್ಯಾಕ್ಟ್ ಪಾಯಿಂಟ್ ಪೂರ್ತಿ ತೆರೆದಾಗ 0.35ರಿಂದ 0.40 ಮಿಮೀ ಬಿಡಬೇಕು. ಇದಕ್ಕೆ ನಾನು ‘ಸಂದು’ ಅಂತ ಬರೆದಿದ್ದೆ. ಹಲ್ಲಿನ ಸಂದು, ಬಾಗಿಲ ಸಂದು ಇದ್ದಹಾಗೆ. ಆದರೆ ಸಂದು ಅಂದರೆ ಎರಡು ಕೂಡುವ ಜಾಗ ಅಂತಲೂ ಇದೆ, ಮೊಣಕಾಲಿನ ಸಂದು ನೋವು ಅಂತೀವಲ್ಲ. ಕೂಡುವ ಕಡೆಗೂ ಬಿಡುವ ಕಡೆಗೂ ಒಂದೇ ಹೆಸರು. ಪಾಯಿಂಟ್ ಮಾಡುವ ಕೆಲಸವೇ ಕೂಡೋದು, ಬಿಡೋದು. ಹಂಗಾಗಿ ಅಲ್ಲಿ ‘ಸಂದು 0.40’ ಅಂದರೆ ಗೊಂದಲ. ಸುಮ್ನೆ ‘ಗ್ಯಾಪ್’ ಅಂತ ಬಿಟ್ಟಿದ್ದೇನೆ, ನನಗೇನೂ ಬೇಜಾರಿಲ್ಲ. ‘ಅಂತರ’ ಅಂತ ಹಾಕಿ ಅಂದರು ಒಬ್ಬರು. ಅಂತರ ಅಂದರೆ ನನಗೆ ಮೈಲಿಗಲ್ಲು ಕಣ್ಣಿಗೆ ಬರುತ್ತದೆ, ಕೂದಲೆಳೆಯಷ್ಟು ಜಾಗ ಅಲ್ಲ.

ಈಗ ನಿಮ್ಮನ್ನು ಕೇಳೋದು. ಒಂದು, ಎತ್ತಿನ ಬಂಡಿ ಮಾಡುವ ಬಡಿಗೇರರು ಅಚ್ಚಿಗೂ ಗಾಲಿಯ ಗುಂಬಕ್ಕೂ (ಅಚ್ಚು ತೂರುವ ನಡುಭಾಗ) ನಡುವೆ ಬಿಡುವ ಜಾಗಕ್ಕೆ ಏನಂತಾರೆ? ಅಚ್ಚು ಬಿಗಿಯಾದರೆ ಗಾಲಿ ತಿರುಗಲ್ಲ, ಕೀಲೆಣ್ಣೆ ಇಳಿಯಲ್ಲ, ಹಂಗಾಗಿ ಅವರಿಗೆ ಇಂಥದ್ದೊಂದು ಮಾತು ಬೇಕೇ ಬೇಕು. ಕೊಪ್ಪಳ, ಕುಷ್ಟಗಿ, ಮಾನ್ವಿ ಕಡೆಯವರು ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ಉಪಕಾರ. ಮಗ್ಗದವರ ಮಾತೂ ಬೇಕು. ಎರಡು, ನಾಮಪದವಾಗಿ ‘ಆಟ’ವನ್ನು (‘ಒಂದು ನೂಲಿನಷ್ಟು ಆಟ ಬಿಡು’ ಅನ್ನುವ ಹಾಗೆ) ನೀವು ಕಿವಿಯಾರೆ ಕೇಳಿದ್ದೀರಾ, ಅಥವಾ ನಿಮ್ಮ ಕಡೆ ‘ಆಡ್ತದ’ ಅನ್ನೋ ಕ್ರಿಯಾಪದ ಮಾತ್ರ ಬಳಕೆಯಲ್ಲಿದೆಯಾ? ಊರಿನ ಹೆಸರು, ಯಾರ ಬಾಯಲ್ಲಿ ಕೇಳಿದ್ದು, ಯಾವ ಕಸುಬಿನವರು ಅಂತ ಜೊತೆಗೆ ಬರೆಯಿರಿ. ನಿಘಂಟಿನ ಅರ್ಥ ನಾನೇ ನೋಡಿಕೊಳ್ಳುತ್ತೇನೆ, ನನಗೆ ಬೇಕಿರೋದು ಎಣ್ಣೆ ಕೈಯವರ ಮಾತು.

ಇನ್ನೊಂದು, ವಿಷಯಕ್ಕೆ ಸ್ವಲ್ಪ ಹೊರಗಿನದು. ನಮ್ಮ ಕಡೆ ‘ಪಾನಾ’ ಅನ್ನೋದಕ್ಕೆ ಮೈಸೂರಿನವರು ‘ಸ್ಪ್ಯಾನರ್’ ಅಂತಾರೆ, ಅದಿರಲಿ. ಹಳೇ ಬುಲೆಟ್ಟಿನ ಬ್ರಿಟಿಷ್ ಅಳತೆಯ ನಟ್ಟುಗಳಿಗೆ ಮಿಲಿಮೀಟರ್ ಪಾನಾ ಹಾಕಿ ಮೂಲೆ ಉರುಟಾಗುತ್ತದಲ್ಲ, ಆ ಉರುಟಾದ ನಟ್ಟಿಗೆ ನಿಮ್ಮ ಊರಿನ ಗ್ಯಾರೇಜಿನಲ್ಲಿ ಏನಂತಾರೆ?